ಕೋಶ ಓದುವುದು

ದೇಶ ಸುತ್ತು, ಇಲ್ಲವೇ ಕೋಶ ಓದು
ಎನ್ನುತ್ತಿದ್ದರು ನಮ್ಮ ಕನ್ನಡ ಪಂಡಿತರು.
ಅಲ್ ಐನಿನ ಈ ನೆಲಮಾಳಿಗೆಯಲ್ಲಿ
ಒಂಬತ್ತು ವರ್ಷದಿಂದ ನಾನು ಎರಡನ್ನೂ ಮಾಡಿದ್ದೇನೆ.
ಓದುವುದು ಇಲಿಯ ಮಿದುಳಿನ ಕೋಶ.

ಬೆಳ್ಳಿಯ ದ್ರಾವಣದಲ್ಲಿ, ಕತ್ತಲಲ್ಲಿ ನೆನೆಸಿ
ಎರಡು ಕೂದಲ ದಪ್ಪಕ್ಕೆ ಸೀಳಿದರೆ
ನೂರರಲ್ಲೊಂದು ಕೋಶ ಕಪ್ಪಾಗುತ್ತದೆ.
ಯಾಕೆ ಅದೊಂದೇ, ಕೇಳಬೇಡಿ.
ಹಳದಿ ಬಯಲಲ್ಲಿ ಎಲೆಯಿಲ್ಲದ ಗಾಫ್ ಮರದ ಹಾಗೆ
ಒಂಟಿ ನಿಲ್ಲುತ್ತದೆ.
ನಾನು ಕೊಂಬೆ ಅಳೆಯುತ್ತೇನೆ, ಕೊಂಬೆಯ ಮುಳ್ಳು ಎಣಿಸುತ್ತೇನೆ.
ಒಂದೊಂದು ಮುಳ್ಳೂ
ಪಕ್ಕದ ಕೋಶದೊಡನೆ ಮಾತಿಗೆ ಕೂರುವ ಜಗಲಿ.

ಮೇಲಿನ ಮಹಡಿಯಲ್ಲಿ ಇದ್ದಿನಬ್ಬ.
ಇಲಿಗಳಿಗೆ ಕಷ್ಟ ಕೊಡುವುದು ಅವನ ಕೆಲಸ,
ಸಂಬಳ ಸಾವಿರದ ಎಂಟುನೂರು ದಿರ್ಹಂ.
ಹೊರಗೆ ನಲವತ್ತೆಂಟು ಡಿಗ್ರಿ; ಇಲಿಗಳ ಕೋಣೆ ಸದಾ ಇಪ್ಪತ್ತೆರಡು.
ಕೆಲವಕ್ಕೆ ಕೊಳವೆ, ತಿರುಗಲಾಗದಷ್ಟು ಇಕ್ಕಟ್ಟು,
ದಿನಕ್ಕೆರಡು ಗಂಟೆ, ಸರಿಯಾಗಿ ಹತ್ತಕ್ಕೆ.
ಕೆಲವಕ್ಕೆ ಅದೇ ಕೊಳವೆ, ಅಷ್ಟೇ ಹೊತ್ತು,
ಆದರೆ ಹೊತ್ತು ಗೊತ್ತಿಲ್ಲ. ಚೀಟಿ ಎತ್ತಿ ಹೊರಡಬೇಕು,
ಒಮ್ಮೆ ನಸುಕಿಗೆ, ಒಮ್ಮೆ ಅವು ಉಣ್ಣುವಾಗ.
ಇನ್ನು ಕೆಲವಕ್ಕೆ ಬರೀ ಒಂದು ತುಂಡು ಬಟ್ಟೆ,
ಕೆಫೆಟೇರಿಯಾದ ಹಿಂದಿನ ಬೆಕ್ಕು ಮಲಗಿದ್ದು.
ಆ ಬೆಕ್ಕನ್ನು ಬೂತಾಯಿ ತಲೆ ಹಾಕಿ ಸಾಕಿದವನೂ ಇದ್ದಿನಬ್ಬನೇ.
ಬೆಕ್ಕಿಗಿಲ್ಲಿ ಚೆಲ್ಲಾಟವೂ ಇಲ್ಲ, ಅದು ನಿದ್ದೆಯಲ್ಲಿದೆ;
ಪ್ರಾಣಸಂಕಟ ಮಾತ್ರ
ಮಡಿಸಿದ ಬಟ್ಟೆಯೊಳಗೆ ಲಿಫ್ಟಿನಲ್ಲಿ ಬರುತ್ತದೆ.

ಇಪ್ಪತ್ತೊಂದು ದಿನ.
ಆಮೇಲೆ ನನ್ನ ಬಳಿ, ಸಂಖ್ಯೆಗಳಾಗಿ.

ನೆನಪಿನ ಜಾಗದಲ್ಲಿ ಕೊಂಬೆ ಗಿಡ್ಡ, ಮುಳ್ಳು ವಿರಳ.
ಹುಟ್ಟಬೇಕಿದ್ದ ಎಳೆಯ ಕೋಶಗಳು ಹುಟ್ಟಿಲ್ಲ.
ಒಂದು ಅಕ್ಕಿಕಾಳಿನಾಚೆ, ಭಯದ ಜಾಗದಲ್ಲಿ,
ಕೊಂಬೆಗೆ ಕೊಂಬೆ ಒಡೆದು ಹಬ್ಬಿದೆ
ಯಾರೋ ಕದ್ದು ಗೊಬ್ಬರ ಹಾಕಿದಂತೆ.
ಮೊದಲ ಸಲ ನೋಡಿದಾಗ ಸ್ಲೈಡು ಅದಲುಬದಲಾಗಿದೆ ಎಂದುಕೊಂಡಿದ್ದೆ.
ಹತ್ತು ಗಂಟೆಯ ಇಲಿಗಳು ಅಷ್ಟು ಸೊರಗಿರಲಿಲ್ಲ.
ಕೊನೆಕೊನೆಗೆ ತಾವೇ ಕೊಳವೆಗೆ ನುಗ್ಗುತ್ತಿದ್ದವಂತೆ.

ಲೆಕ್ಕ ತಪ್ಪಿದ್ದು ಚೀಟಿಯ ಇಲಿಗಳಲ್ಲಿ.
ಹನ್ನೆರಡೂ ಬೋಳಾಗಬೇಕಿತ್ತು.
ಆರು ಬೋಳು, ಬೇರೆ ಹುಡುಗನ ಪಾಳಿಯವು.
ಇನ್ನಾರರ ಕೊಂಬೆ ತುಂಬ ಮುಳ್ಳು.
ಮೂರು ಸಲ ಎಣಿಸಿದೆ. ಕನ್ನಡಕ ಒರೆಸಿ ಎಣಿಸಿದೆ.
ಕರೆದು ಕೇಳಿದೆ: ಇದ್ದಿನಬ್ಬ, ಇವಕ್ಕೆ ಏನು ಮಾಡಿದೆ?

"ಎಂತದೂ ಇಲ್ಲ ಅಕ್ಕ. ಚೀಟಿಯಲ್ಲಿ ಬಂದ ಹೊತ್ತಿಗೇ ಹೋದದ್ದು.
ಬಾಗಿಲ ಹತ್ತಿರ ಒಂದು ಸಲ ಕೆಮ್ಮುವುದುಂಟು ನಾನು.
ಯಾರ ಮನೆಗೇ ಆಗಲಿ, ಹಾಗೇ ನುಗ್ಗುವುದುಂಟಾ?"

ಸೂಕ್ಷ್ಮದರ್ಶಕಕ್ಕೆ ಬಾಗಿ
ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.
ಅವನ ರಜೆ ರಂಜಾನಿಗೆ ಎಂದಿದ್ದರು, ಆಮೇಲೆ ಬಕ್ರೀದಿಗೆ,
ಈಗ ಹೊಸ ಮ್ಯಾನೇಜರ್ ಬಂದ ಮೇಲೆ.
"ಕೆಮ್ಮು ಕೇಳದ ಹೊತ್ತೆಲ್ಲ ಮಲಗಬಹುದಲ್ಲ ಅಕ್ಕ" ಅಂದ,
"ಅಷ್ಟೇ ಇರಬೇಕು."

ವರದಿಯಲ್ಲಿ ಬರೆದೆ: ಆರು ಇಲಿ, ಕಾರ್ಯವಿಧಾನದ ದೋಷ, ಕೈಬಿಡಲಾಗಿದೆ.
ಸ್ಲೈಡುಗಳನ್ನು ಎಸೆದಿಲ್ಲ.

ವರದಿ ಕೇಳುವ ಡಾಕ್ಟರು ಬೆಕ್ಕಿನ ಹೆಜ್ಜೆಯವರು,
ಯಾವಾಗ ಬೆನ್ನ ಹಿಂದೆ ನಿಂತರೋ ತಿಳಿಯುವುದೇ ಇಲ್ಲ.
ಇದ್ದಿನಬ್ಬ ಮಾತ್ರ ಸಂಜೆ ಟ್ರೇ ಹಿಡಿದು ಇಳಿಯುವಾಗ
ಮೆಟ್ಟಿಲ ತಿರುವಿನಲ್ಲೇ ಒಮ್ಮೆ ಕೆಮ್ಮುತ್ತಾನೆ.
ಇಷ್ಟು ಹೊತ್ತೂ ಕಿವಿಗೆ ತಾಗಿ ಕೂತಿದ್ದ ನನ್ನ ಹೆಗಲು
ಕೆಳಗಿಳಿಯುವುದು ಆಗಲೇ
ನನಗೆ ಗೊತ್ತಾಗುವುದು.