ಎಲ್ಲಾರೂ ಮೂಗು ಮುಚ್ಚಿದ ವರ್ಷ

ಬಸ್ಸಿಲ್ಲ. ಹಳೇಹುಬ್ಬಳ್ಳಿಯಿಂದ ಅಳಿಯನ ಟಂಟಂದಾಗ
ಎರಡು ಕಡೆ ಪೊಲೀಸರಿಗೆ ಚೀಟಿ ತೋರಿಸಿ
ನವನಗರಕ್ಕ ಬಂದಾಳ ದ್ಯಾಮವ್ವ.
ಹೊಟ್ಟಿಮ್ಯಾಗಿನ ಚೀಲ ತೀರಿ ನಾಕು ದಿನ;
ಹಾಲಿನ ಪಾಕೀಟು ತೊಳದು ಟೇಪು ಹಚಗೊಂಡಾಳ.

'ದೂರ ನಿಂದರ್ರಿ' ಅಂತ ಗ್ವಾಡಿಮ್ಯಾಗ ಬರದೈತಿ.
ದೂರ ನಿಂತು ಇದನ್ನ ತೊಳಿಯೂದು ಹ್ಯಾಂಗ?
ಬೆಚ್ಚನ ನೀರು, ಮೆತ್ತನ ಅರಿವಿ.
ಚರ್ಮ ಸುಟ್ಟಂಗ ಕೆಂಪಾಗೈತಿ,
ನಡುವ ಕರಳಿನ ಬಾಯಿ
ಕೂಸಿನ ತುಟಿಯಂಗ ಒದ್ದಿಯಾಗಿ ಮಿಸುಕತೈತಿ.

ಹ್ವಾದ ವರ್ಷ ಗ್ವಾಡಿ ಕಡೆ ಮಾರಿ ತಿರುವತಿದ್ದಾಕಿ
ಇವತ್ತ ನನ್ನ ಮಾಸ್ಕನ್ನ ನೋಡೇ ನೋಡಿದ್ಲು:
"ಸಿಸ್ಟರ್, ಈಗ ಊರಿಗೂರ ಮೂಗು ಮುಚಗೊಂಡೈತಿ.
ನನ್ನಿಂದಲ್ಲ, ಹೌದಲ್ರಿ?"

ನಕ್ಕೆ. ಆಕಿಗೆ ಕಾಣಲಿಲ್ಲ.

ಕಪಾಟದಾಗ ಇದ್ದದ್ದು ಐದು ಚೀಲ.
ಮೂರು ಆಕಿ ಸೆರಗಿನಾಗ ಕಟ್ಟಿದೆ.
ಹೊರಗ, ಸುಣ್ಣದ ಗೆರಿಯಾಗ ಒಬ್ಬೊಬ್ಬರ,
ಇನ್ನೂ ನಾಕು ಮಂದಿ.