ಒಂದು ಸೂತ ಜಾಸ್ತಿ

ಉದ್ಯಮಬಾಗದ ನಮ್ಮ ಫೌಂಡ್ರಿಯ ಗೇಟಿನ ಎಡಕ್ಕೆ
ಲಾರಿ ಹೊರಳದ ಒಂದು ಮುಕ್ಕೋನ ಜಾಗ.
ಐವತ್ತು ವರ್ಷ ತುಂಬಿದ ನೆಪಕ್ಕೆ
ಅಲ್ಲೇನಾದರೂ ನಿಲ್ಲಿಸಬೇಕೆಂದರು ಮಾಲಕರು.
ಸಿಂಹ ಅಂದರು ಒಬ್ಬರು. ಗಿಯರ್ ಚಕ್ರ ಅಂದರು ಇನ್ನೊಬ್ಬರು.
ಇಪ್ಪತ್ತೊಂಬತ್ತು ವರ್ಷ ಬಿಲ್ಲು ಬರೆದವಳು ನಾನು,
ಚಲನ್ನಿನ ಬೆನ್ನಿಗೆ ಪೆನ್ಸಿಲಿನಲ್ಲಿ ಗೀಚಿ ಮುಂದಿಟ್ಟೆ:
ಗಾಳಿಗೆ ಉಲ್ಟಾ ಆದ ಒಂದು ಛತ್ರಿ.
ಹದಿನೆಂಟು ಅಡಿ.

ಯಾರೂ ನಗಲಿಲ್ಲ. ತೊಂದರೆ ಆದದ್ದೇ ಅದು.
"ಚಂದ ಐತಿ, ನೀವ ಮಾಡ್ರಿ ಬಾಯಾರ," ಅಂದುಬಿಟ್ಟರು.

ಮೂರನೇ ರೈಲ್ವೆ ಗೇಟಿನ ಬಳಿ, ಆಷಾಢದಲ್ಲಿ,
ಎಷ್ಟು ಛತ್ರಿ ಕಳಕೊಂಡಿದ್ದೇನೆ ಅನ್ನುವುದು ನನಗೆ ಗೊತ್ತು.
ಕಬ್ಬಿಣ ಹೇಗೆ ನಿಲ್ಲುತ್ತದೆ ಅನ್ನುವುದು ಗೊತ್ತಿಲ್ಲ.

ಮೊದಲ ಮಾದರಿ ಹಳೆಯ ಲಗ್ನಪತ್ರಿಕೆಗಳದು.
ಬೆಳಗ್ಗೆ ಎದ್ದು ನೋಡಿದರೆ ತೇವಕ್ಕೆ ತಲೆ ಬಾಗಿ
ಬೀಗರ ಎದುರು ನಿಂತಂತೆ ನಿಂತಿತ್ತು.
ಎರಡನೆಯದಕ್ಕೆ ಎಣ್ಣೆ ಡಬ್ಬಿ ಕತ್ತರಿಸಿದೆ,
ಸೈಕಲ್ ಕಡ್ಡಿ ಎಂಟು, ಹೆಬ್ಬೆರಳಿಗೆ ಹೊಲಿಗೆ ಎರಡು.
ಹತ್ತಕ್ಕೆ ಒಂದರ ಅಳತೆ: ಒಂದಡಿ ಒಂಬತ್ತೂವರೆ ಇಂಚು.
ಪಕ್ಕದಲ್ಲಿ ಅದೇ ಅಳತೆಯ ಮನುಷ್ಯ ಇರಬೇಕಂತೆ.
ಮೇಣಬತ್ತಿಯೊಂದನ್ನು ಆರೂಕಾಲು ಇಂಚಿಗೆ ಕೊಯ್ದು ನಿಲ್ಲಿಸಿದೆ.
ಅದು ನಾನು.
ಮೇಣದ ನಾನು ಕತ್ತೆತ್ತಿ ನೋಡಿದೆ.
ಅಷ್ಟು ದೊಡ್ಡದು ಬೇಕೇ ಅನ್ನಿಸಿತು. ಬೇಕು ಅನ್ನಿಸಿತು.

ತೂಕದ ಲೆಕ್ಕವೊಂದೇ ನನಗೆ ಬರುವಂಥದ್ದು.
ಮೂರು ಮಿಲಿಮೀಟರ್ ತಗಡು, ಚದರ ಮೀಟರಿಗೆ
ಇಪ್ಪತ್ತಮೂರೂವರೆ ಕಿಲೊ. ಎಂಟು ಹೋಳು, ಹೋಳಿಗೊಂದು ಮೀಟರು.
ಗೆರೆ ಎಳೆದು ಕೂಡಿಸಿದೆ: ನೂರಾ ಎಂಬತ್ತೆಂಟು,
ಕೋಲು ಬಿಟ್ಟು, ಕಡ್ಡಿ ಬಿಟ್ಟು.
ಗಾಳಿಯನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದೋ ತಿಳಿಯದೆ
ಮಾದರಿಯನ್ನು ಟೇಬಲ್ ಫ್ಯಾನಿನ ಮುಂದಿಟ್ಟೆ.
ಒಂದಕ್ಕೆ ಸುಮ್ಮನಿತ್ತು. ಎರಡಕ್ಕೆ ಸಣ್ಣಗೆ ಗುಂಯ್ ಅಂದಿತು.
ಮೂರಕ್ಕೆ ಎದ್ದು ಹೋಗಿ ಹಿಟ್ಟಿನ ಡಬ್ಬಿಗೆ ಬಡಿಯಿತು,
ದಾರಿಯಲ್ಲಿ ನನ್ನನ್ನೂ ಕೆಡವಿಕೊಂಡು.

ನುಗ್ಗಿದ ತಗಡನ್ನು ಬಾಬಾಜಾನ್ ಮುಲ್ಲಾ ಅವರಲ್ಲಿಗೆ ಒಯ್ದೆ.
ಪ್ಯಾಟರ್ನ್ ಶಾಪಿನವರು; ಕಬ್ಬಿಣ ಏನಾಗಬೇಕೆಂಬುದನ್ನು
ಕಟ್ಟಿಗೆಯಲ್ಲಿ ಮೊದಲು ಹೇಳಿಡುವವರು.
ಕಿವಿಸಂದಿಯ ಪೆನ್ಸಿಲ್ ತೆಗೆಯದೆಯೇ ಕೇಳಿದರು:
"ಬುನಾದಿ ಎಷ್ಟ ಆಳ?"
ನಾನು ನೆಲದಿಂದ ಮೇಲಿನದನ್ನಷ್ಟೇ ಬರೆದಿದ್ದೆ.
"ಮ್ಯಾಲಿಂದು ಊರ ಮಂದಿ ನೋಡ್ತಾರ್ರೀ,
ಕೆಳಗಿಂದು ನೀವೊಬ್ರ ನೋಡಬೇಕು."

ಆಮೇಲೆ, ಎಂಟು ಕಡ್ಡಿ ಬಂದು ಸೇರುವ ಗಡ್ಡೆಗೆ
(ಇಡೀ ಛತ್ರಿಯಲ್ಲಿ ಅದೊಂದೇ ಎರಕ)
ಅಳತೆ ಹಿಡಿಯಲು ತಮ್ಮ ಸ್ಕೇಲು ತೆಗೆದು
ನನ್ನದರ ಪಕ್ಕಕ್ಕೆ ಇಟ್ಟರು.
ಅವರ ಅಡಿ ನನ್ನ ಅಡಿಗಿಂತ ಒಂದು ಸೂತ ಉದ್ದ.
"ಕಾದದ್ದು ಆರಿದ ಮ್ಯಾಲೆ ಕುಗ್ಗತೈತ್ರಿ.
ಅಷ್ಟು ಮದ್ಲ ಕೊಟ್ಟಿಡಬೇಕು."
ಅದೇ ಗೋಡೆಯ ಈಚೆ ಕೂತು, ಇಷ್ಟು ವರ್ಷ,
ಅಡಿಗೆ ಹನ್ನೆರಡೇ ಇಂಚು ಎಂದು ನಂಬಿದ್ದೆ.

ಹೊರಟವಳನ್ನು ಬಾಗಿಲಲ್ಲಿ ತಡೆದು ಮತ್ತೊಂದು:
"ಅಲ್ರೀ, ನೀರ ಎಲ್ಲಿ ಹೋಗತೈತಿ?"

ಉಲ್ಟಾ ಛತ್ರಿ ಅಂದರೆ ಬೋಗುಣಿ.
ನಮ್ಮೂರ ಮಳೆ ತಿಂಗಳುಗಟ್ಟಲೆ ಅದರೊಳಗೆ ಕೂತು
ತುಕ್ಕು ಹಿಡಿಸಿ, ಸೊಳ್ಳೆ ಹಡೆದು...
ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಈಗ ನಡುವಿನ ಕೋಲು ಪೈಪು. ಗಡ್ಡೆಗೊಂದು ತೂತು.
ಹಿಡಿಕೆಯ ಬಾಗಿನಲ್ಲಿ, ಗೇಣೆತ್ತರಕ್ಕೆ, ನೀರಿಗೊಂದು ಬಾಯಿ.
ಮೂರನೆಯ ಮಾದರಿಗೆ ಸಿಮೆಂಟಿನ ಪಾದ, ನಾಲ್ಕು ಬೋಲ್ಟು.
ಫ್ಯಾನಿನ ಮೂರಕ್ಕೂ ಬರೀ ನಡುಗುತ್ತದೆ.
ಮೇಲಿಂದ ಒಂದು ಬಟ್ಟಲು ನೀರು ಹೊಯ್ದೆ.
ಬಹಳ ಹೊತ್ತು ಏನೂ ಆಗಲಿಲ್ಲ.
ಬೆಸುಗೆ ತುಂಬಿ ತೂತು ಕಟ್ಟಿತೇನೋ ಎಂದು
ಬಗ್ಗಿ ಕಿವಿಯಿಟ್ಟೆ. ಒಳಗೆ ಏನೋ
ತಡವರಿಸಿಕೊಂಡು ಇಳಿಯುವ ಸದ್ದು.
ಮೇಣಬತ್ತಿಯ ಬುಡಕ್ಕೆ ಮೊದಲ ಹನಿ ಬಿತ್ತು.
ಮೇಣಕ್ಕೆ ನೀರು ಹತ್ತುವುದಿಲ್ಲ;
ನಾನೇ ಕಾಲು ಹಿಂದಕ್ಕೆ ಎಳೆದುಕೊಂಡೆ.