ಅಸಲು

ಹತ್ತು ವರ್ಷದಾಚೆಯ ನೂರು ಡಾಲರು
ಇವತ್ತಿಗೆ ಎಷ್ಟು?
ಬಿಳಿ ಹಲಗೆಯ ಮೇಲೆ ಬರೆದು ತಿರುಗುತ್ತೇನೆ.
ಪಾರ್ಕ್‌ವಿಲ್, ಬುಧವಾರ, ಸಂಜೆ ಆರೂಕಾಲು.
ಕಿಟಕಿಯಾಚೆ ಹತ್ತೊಂಬತ್ತನೆ ನಂಬರಿನ ಟ್ರಾಮು
ಗಂಟೆ ಬಡಿದುಕೊಂಡು ಹೋಗುತ್ತದೆ
ಉತ್ತರ ಗೊತ್ತಿರುವ ಹುಡುಗನ ಹಾಗೆ.

ಶೇಕಡ ಹನ್ನೆರಡು ಹಿಡಿದರೆ ಮೂವತ್ತೆರಡು.
ಮಿಕ್ಕ ಅರವತ್ತೆಂಟು ಎಲ್ಲಿ ಹೋಯಿತೆಂದು
ಯಾರೂ ಕೇಳುವುದಿಲ್ಲ.

ಒಂದು ಕಾಲಕ್ಕೆ ನನ್ನ ಹತ್ತಿರ
ಕ್ಲೇಟನ್ನಿನ ತಗಡಿನ ಕಟ್ಟಡದ ಬೀಗದ ಕೈಯಿತ್ತು.
ಮೈನಸ್ ಎಂಬತ್ತರ ಆರು ಫ್ರೀಜರು,
ನಲವತ್ತು ಜನರ ಸಂಬಳ,
ಕಿಡ್ನಿಗೊಂದು ಮದ್ದು. ಅದಕ್ಕಿನ್ನೂ ಹೆಸರಿರಲಿಲ್ಲ,
ಮೂರಕ್ಷರ, ನಾಲ್ಕಂಕಿ.
ಜನವರಿಯ ಒಂದು ರಾತ್ರಿ, ನಲವತ್ತಮೂರು ಡಿಗ್ರಿ,
ಕರೆಂಟು ಹೋಗಿ
ಗ್ರೇಮ್ ಮತ್ತು ನಾನು ಡ್ರೈ ಐಸ್ ಹೊತ್ತೆವು
ಬೆರಳು ಸುಟ್ಟುಕೊಂಡು, ಒಬ್ಬರನ್ನೊಬ್ಬರು ಬೈದುಕೊಂಡು.

ಎರಡನೆ ಹಂತದಲ್ಲಿ ಮದ್ದು ಬಿತ್ತು.
ಸಕ್ಕರೆ ಗುಳಿಗೆಗಿಂತ ಹೆಚ್ಚೇನಲ್ಲ ಎಂದಿತು ಅಂಕಿಅಂಶ.
ನೂರ ಹದಿನೆಂಟು ಜನರಲ್ಲಿ
ಹದಿನೇಳನೆ ನಂಬರಿನಾಕೆ ಮಾತ್ರ
ಬೆಂಡಿಗೊದಿಂದ ಕಾಗದ ಬರೆದಳು:
ನಿಲ್ಲಿಸಬೇಡಿ, ಈಗ ಮೆಟ್ಟಿಲು ಹತ್ತುತ್ತಿದ್ದೇನೆ.
ಮುಚ್ಚಿದ ಪಟ್ಟಿ ತೆರೆದು ನೋಡಿದೆವು.
ಅವಳಿಗೆ ಕೊಟ್ಟದ್ದು ಸಕ್ಕರೆ.
ಲೆಕ್ಕಕ್ಕುಂಟು, ಆಟಕ್ಕಿಲ್ಲ.
ನಾನು ಉತ್ತರ ಬರೆಯಲಿಲ್ಲ.

ಆಮೇಲೆ ಮೇಜಿನ ಆಚೆ ಬದಿಗೆ ಹೋಗಿ ಕೂತೆ.
ಕಾಲಿನ್ಸ್ ಬೀದಿ, ಮೂವತ್ತೊಂದನೆ ಮಹಡಿ, ಯಾರದೋ ಹಣ.
ನೊಗಕ್ಕೆ ಎತ್ತು ಹೂಡುತ್ತಾರೆ, ಬಿಲ್ಲಿಗೆ ಬಾಣ ಹೂಡುತ್ತಾರೆ;
ಹೂಡಿಕೆಯೆಂದು ನಾನು ಎರಡನ್ನೂ ಮಾಡಿದೆ,
ಕೆಲವೊಮ್ಮೆ ಒಂದೇ ಬೆಳಿಗ್ಗೆ.
ನಿದ್ದೆಗೆಟ್ಟ ವಿಜ್ಞಾನಿಗಳು ಸ್ಲೈಡು ತೋರಿಸುವಾಗ
ಅವರ ಬೆರಳು ನೋಡುತ್ತಿದ್ದೆ,
ಡ್ರೈ ಐಸಿನ ಕಲೆ ಇದೆಯೆ ಎಂದು.
ಇದ್ದವರಿಗೆಲ್ಲ ಕೊಟ್ಟೆನೆಂದಲ್ಲ.
ಹದಿನಾಲ್ಕರಲ್ಲಿ ಹನ್ನೊಂದು ಮುಳುಗಿದವು,
ಎರಡು ಹೇಗೋ ತೇಲಿದವು,
ಒಂದು ನನ್ನ ಮನೆಯ ಸಾಲ ತೀರಿಸಿತು.
ಅದು ಮುಖದ ಸುಕ್ಕು ತೆಗೆಯುವ ಮದ್ದು.

ಈಗ ಪಾಠ. ಸರ್ವಮಂಗಳಾ ಎನ್ನಲು ನಾಲಿಗೆ ತಿರುಗದೆ
ಹುಡುಗರು ಸರ್ವ್ ಅನ್ನುತ್ತಾರೆ,
ಟೆನಿಸ್ ಆಡುವವರ ಹಾಗೆ.
ಹಿಂದಿನ ಸಾಲಿನಿಂದ ಥುಯ್ ಕೈ ಎತ್ತುತ್ತಾಳೆ.
ರಾತ್ರಿ ಪಾಳಿಯ ನರ್ಸು,
ಆಸ್ಪತ್ರೆಯ ಗುರುತುಚೀಟಿ ಇನ್ನೂ ಕೊರಳಲ್ಲಿ.
‘ದರ ಯಾರು ಗೊತ್ತು ಮಾಡಿದ್ದು?’
ಮಾರುಕಟ್ಟೆ, ಅಂದೆ. ಅಪಾಯ, ಅಂದೆ.
‘ಹತ್ತು ವರ್ಷ ಕಾಯಲಾರದವರಿಗೆ?’

ಬಡ್ಡಿಯ ಸೂತ್ರ ಎರಡು ವಾರ ಕಲಿಸಿದ್ದೇನೆ,
ಇವಳು ಅಸಲು ಕೇಳುತ್ತಿದ್ದಾಳೆ.
ಮಾರ್ಕರಿನ ಮುಚ್ಚಳ ಹಾಕುತ್ತೇನೆ, ತೆಗೆಯುತ್ತೇನೆ.
ಹಲಗೆಯ ಮೂಲೆಯಲ್ಲಿ, ಯಾಕೋ,
ಹದಿನೇಳು ಎಂದು ಬರೆಯುತ್ತೇನೆ.

ಹೊಸ ದರವೆಂದುಕೊಂಡು ಎಲ್ಲರೂ ತಲೆ ತಗ್ಗಿಸುತ್ತಾರೆ.
ಮುಂದಿನ ಸಾಲಿನ ಹುಡುಗ ಎಲ್ಲರಿಗಿಂತ ಮೊದಲು:
‘ಇಪ್ಪತ್ತು ಡಾಲರು, ಎಂಬತ್ತು ಸೆಂಟು.’

ಲೆಕ್ಕ ಸರಿ, ಅನ್ನುತ್ತೇನೆ.